ಝಡ್ ಸವೆದ ಕೀಬೋರ್ಡು

ದೀಪಾವಳಿಗೆ ಒಂದು ವಾರ ಇರುವಾಗ ನಮ್ಮ ಮನೆಯ ಪೋಟಮಾಳಾ ಸ್ವಚ್ಛ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಪೋಟಮಾಳಾ ಎಂದರೆ ಅಡುಗೆಮನೆಯ ನೆತ್ತಿಯ ಮೇಲೆ ಹಲಗೆ ಹೊಡೆದು ಮಾಡಿಕೊಂಡ ಅರ್ಧ ಅಟ್ಟ. ಮುಂಬಯಿಯಲ್ಲಿ ಜಾಗವೇ ಇಲ್ಲ ಎನ್ನುವವರು ಒಮ್ಮೆ ಯಾರದಾದರೂ ಪೋಟಮಾಳಾ ಹತ್ತಿ ನೋಡಬೇಕು. ಕೆಟ್ಟ ಮಿಕ್ಸರು, ಮೂರು ಮದುವೆಗಳಲ್ಲಿ ಬಂದ ಒಂದೇ ತರಹದ ಗೋಡೆ ಗಡಿಯಾರಗಳು, ಯಾರೂ ತಿರುಗಿ ನೋಡದ ಟ್ಯೂಷನ್ ನೋಟ್ಸು, ಎಲ್ಲಕ್ಕೂ ಅಲ್ಲಿ ಜಾಗವಿದೆ. ಈ ಸಲ ನನ್ನ ಕೈಗೆ ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಒಂದು ಕೀಬೋರ್ಡು ಸಿಕ್ಕಿತು. ಇಟ್ಟಿಗೆಯಷ್ಟು ಭಾರ, ಬಣ್ಣ ಹಳೆಯ ಹಲ್ಲಿನದು.

"ಇದನ್ನ ಗುಜರಿ ಭಂಗಾರದಾಂವಗ ಹಾಕೋಣೇನು?" ಎಂದು ಕೆಳಗೆ ಏಣಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಶೈಲಾ ಕೇಳಿದಳು. ಏಣಿ ಅಲುಗದಂತೆ ಹಿಡಿದಿರುವ ಹೆಂಡತಿಗೆ ಎದುರಾಡುವುದು ಬುದ್ಧಿವಂತಿಕೆಯಲ್ಲ. ನಾನು ಸುಮ್ಮನೆ ಕೀಬೋರ್ಡನ್ನು ಅವಳ ಕೈಗೆ ಇಳಿಸಿದೆ. ಅವಳು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಟೈಪು ಕುಟ್ಟಿದವಳು. ಕಣ್ಣು ಹಾಯಿಸಿದವಳೇ, "ಎ ಅಳಿಸಿದ್ದು ಖರೆ. ಎ ಎಲ್ಲಾ ಕೀಬೋರ್ಡಿನ್ಯಾಗೂ ಅಳಸ್ತದ. ಆದ್ರ ಝಡ್ ಯಾಕ ಅಳಿಸೇತಿ? ಝಡ್ ಯಾರ ಬಳಸ್ತಾರ?" ಎಂದಳು.

ನಾನು ಏಣಿಯ ಮೇಲೆಯೇ ಕೂತುಬಿಟ್ಟೆ. ಇಂಗ್ಲಿಷಿನಲ್ಲಿ ಝಡ್ ಎಂಬುದು ಮನೆಯ ಮೂಲೆಯಲ್ಲಿ ಸುಮ್ಮನೆ ಕೂತ ಅತಿಥಿಯಂತೆ, ದಿನಕ್ಕೆ ಒಮ್ಮೆ ಮಾತಾಡಿಸಿದರೆ ಹೆಚ್ಚು. ಈ ಕೀಬೋರ್ಡಿನ ಝಡ್ ಮಾತ್ರ ಅಕ್ಷರ ಅಳಿಸಿ, ನಡುವೆ ಸಣ್ಣ ತಗ್ಗು ಬಿದ್ದು ಹೊಳೆಯುತ್ತಿತ್ತು. ಅದನ್ನು ಸವೆಸಿದವನು ನನ್ನ ಅಣ್ಣ. ಟೈಪು ಮಾಡಿ ಸವೆಸಿದ್ದಲ್ಲ. ಗುಂಡು ಹಾರಿಸುವ ಆಟದಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟು ಇಟ್ಟು ಸವೆಸಿದ್ದು.

ಅಣ್ಣ ಗುರುನಾಥ ನನಗಿಂತ ಒಂಬತ್ತು ವರ್ಷ ದೊಡ್ಡವನು. ವಿಜಾಪುರದಿಂದ ಮೊದಲು ಬಂದವನು ಅವನು, ಅವನ ಬೆನ್ನಿಗೆ ಟ್ರಂಕಿನಂತೆ ಬಂದವನು ನಾನು. ಕಾಂದಿವಲಿಯ ಒಂದು ಚಾಳಿನಲ್ಲಿ ಒಂದೇ ಖೋಲಿ. ಅದರಲ್ಲಿ ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ನಾನು. ಅಣ್ಣ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದ. ತಗಡಿನ ಹಾಳೆ ಒಳಗೆ ಸರಿಸಿ ಕಾಲಿನಿಂದ ಪೆಡಲ್ ಒತ್ತಿದರೆ ಡಬ್ಬಿಯ ಮುಚ್ಚಳ ಹೊರಗೆ ಬೀಳುತ್ತದೆ. ಸರಿಸು, ಒತ್ತು, ತೆಗೆ. ಸರಿಸು, ಒತ್ತು, ತೆಗೆ. ದಿನವಿಡೀ ಅದೇ. ಮನೆಗೆ ಬಂದ ಮೇಲೂ ಅವನ ಬಲಗಾಲು ನೆಲದ ಮೇಲೆ ಆ ಲೆಕ್ಕದಲ್ಲೇ ಅಲುಗುತ್ತಿತ್ತು. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಆ ಲೆಕ್ಕ ಒಮ್ಮೆ ತಪ್ಪಿತು. ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳು ಎರಡೂ ಬುಡದಿಂದ ಹೋದವು.

ಕೈ ವಾಸಿಯಾದ ಮೇಲೆ ಅವನನ್ನು ಪ್ಯಾಕಿಂಗಿಗೆ ಹಾಕಿದರು. ಅವನೇನೂ ಗೋಳಾಡಲಿಲ್ಲ. ಅವನಿಗೆ ತಡೆಯಲಾಗದೆ ಇದ್ದದ್ದು ಬೇರೆ. ಬೈಕುಲ್ಲಾದಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಪಂಕ್ತಿಯಲ್ಲಿ ಎಲ್ಲರೂ ರೊಟ್ಟಿ ಮುರಿಯುತ್ತಿದ್ದರು. ಮನೆಯ ಯಜಮಾನಿತಿ ಅಣ್ಣನ ತಾಟಿನ ಪಕ್ಕ ಒಂದು ಚಮಚ ತಂದಿಟ್ಟರು. ಪ್ರೀತಿಯಿಂದಲೇ ಇಟ್ಟದ್ದು. ಅಣ್ಣ ಆ ಚಮಚವನ್ನು ಮುಟ್ಟಲಿಲ್ಲ. ಹೆಬ್ಬೆರಳು, ತೋರುಬೆರಳು, ಕಿರುಬೆರಳು ಇಷ್ಟರಿಂದಲೇ ಕಡಕ್ ರೊಟ್ಟಿ ಮುರಿದು, ಎಣಗಾಯಿ ಪಲ್ಯ ಹಚ್ಚಿ, ಕೊನೆಯ ತುಣುಕಿನವರೆಗೆ ಉಂಡು, ಕೈ ತೊಳೆದು ಎದ್ದ. ಅಲ್ಲಿಂದ ಮುಂದೆ ಯಾರ ಮನೆಯ ಊಟಕ್ಕೂ ಬರುವುದನ್ನು ಬಿಟ್ಟ. ಮೊದಲೇ ಕಡಿಮೆ ಇದ್ದ ಮಾತು ಇನ್ನೂ ಕಡಿಮೆಯಾಯಿತು. ಸಂಜೆ ಬಂದರೆ ಗೋಡೆಗೆ ಒರಗಿ ಬಲಗೈಯನ್ನು ಎಡಗಂಕುಳಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದ.

ನಾನು ಆಗಷ್ಟೇ ಕಂಪ್ಯೂಟರ್ ಕೋರ್ಸು ಮುಗಿಸಿ ಅದೇ ಎಸ್ಟೇಟಿನ ಇನ್ನೊಂದು ಗಾಳಾದಲ್ಲಿ, ಅಂದರೆ ಬಾಡಿಗೆಯ ಮಳಿಗೆಯಲ್ಲಿ, ಕೆಲಸಕ್ಕೆ ಸೇರಿದ್ದೆ. ಕಾರ್ಖಾನೆಗಳ ಬಿಡಿಭಾಗಗಳ ಯಾದಿಯನ್ನು ಕಂಪ್ಯೂಟರಿಗೆ ಏರಿಸಿ ಅಚ್ಚು ಹಾಕಿ ಕೊಡುವ ಆಫೀಸು. ಎರಡೇ ಮಷೀನು. ಒಂದಕ್ಕೆ ನಾನು, ಇನ್ನೊಂದಕ್ಕೆ ಸಾವಂತ್. ಇವನು ನಿಪ್ಪಾಣಿಯ ಕಡೆಯವನಾದ್ದರಿಂದ ಮರಾಠಿ ಬೆರೆಸಿ ಚೆನ್ನಾಗಿಯೇ ಕನ್ನಡ ಮಾತಾಡುತ್ತಿದ್ದ. ನಮ್ಮ ಸೇಠರಿಗೆ ಆ ಎರಡು ಮಷೀನುಗಳ ಮೇಲೆ ಇದ್ದಷ್ಟು ಮಮತೆ ನಮ್ಮ ಮೇಲೆ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ಏಸಿ ಇದ್ದದ್ದು ಮಷೀನಿಗೆ. ನಾವು ಅದರ ಪಕ್ಕ ಕೂತು ನಡುಗುತ್ತಿದ್ದೆವು. ಮುಂಬಯಿಗೆ ಹೊರಟಾಗ ಅವ್ವ ಹಟ ಹಿಡಿದು ಕೊಟ್ಟ ಸ್ವೆಟರನ್ನು ನಾನು ಬೆವರು ಒರೆಸಿಕೊಳ್ಳುತ್ತ ಸ್ಟೇಷನ್ನಿನ ಸೇತುವೆ ಇಳಿದು, ಆಫೀಸಿಗೆ ಹೋಗಿ ಹಾಕಿಕೊಳ್ಳುತ್ತಿದ್ದೆ. ಅದನ್ನು ಅವ್ವನಿಗೆ ಬರೆದಾಗ ಅವಳು, ನಾನು ಹೇಳಲಿಲ್ಲೇನು ಎಂದು ಉತ್ತರ ಬರೆಸಿದಳು.

ತೊಂಬತ್ತರ ದಶಕ ಶುರುವಾಗಿ ನಾಲ್ಕು ವರ್ಷ ಸರಿದಿತ್ತು. ಸಾವಂತನ ಮಾವನ ಮಗ ಯಾರೋ ನಾಲ್ಕು ಫ್ಲಾಪಿಗಳಲ್ಲಿ ಒಂದು ಆಟ ತಂದುಕೊಟ್ಟ. ಕತ್ತಲ ಓಣಿಗಳು, ಬಾಗಿಲುಗಳು, ಲಿಫ್ಟುಗಳು. ತೆರೆಯ ಮೇಲೆ ನಮ್ಮ ಮುಖ ಕಾಣುವುದಿಲ್ಲ, ಬಂದೂಕು ಹಿಡಿದ ಕೈ ಮಾತ್ರ ಕಾಣುತ್ತದೆ. ಎರಡು ಮಷೀನುಗಳ ನಡುವೆ ಒಂದು ಕೇಬಲ್ ಹಾಕಿದರೆ ಇಬ್ಬರೂ ಒಂದೇ ಓಣಿಯೊಳಗೆ ಇಳಿದು ಒಬ್ಬರನ್ನೊಬ್ಬರು ಹುಡುಕಿ ಹೊಡೆಯಬಹುದು. ಈಗಿನ ಮಕ್ಕಳಿಗೆ ಇದರಲ್ಲಿ ಏನು ವಿಶೇಷವೋ ತಿಳಿಯಲಾರದು. ನಮಗೆ ಮಾತ್ರ ಬಿಡಿಭಾಗಗಳ ಯಾದಿ ತೋರಿಸುತ್ತಿದ್ದ ಅದೇ ತೆರೆಯಲ್ಲಿ ಸಾವಂತ್ ಓಡಿಬರುವುದನ್ನು ಕಂಡಾಗ ಕೈಕಾಲು ತಣ್ಣಗಾದವು. ಏಸಿ ಕೂಡ ಇತ್ತೆನ್ನಿ.

ಶನಿವಾರ ನಮಗೆ ಅರ್ಧ ದಿನ. ಸೇಠರು ಹನ್ನೆರಡಕ್ಕೇ ಹೊರಟುಹೋಗುತ್ತಿದ್ದರು. ಅಣ್ಣನ ಕಾರ್ಖಾನೆಗೆ ಶನಿವಾರವೇ ವಾರದ ಸೂಟಿ. ಮನೆಯಲ್ಲಿ ಗೋಡೆಗೆ ಒರಗಿ ಕೂರುವವನನ್ನು ಎಬ್ಬಿಸಿದರೆ ಸಾಕೆಂದು ನಾನೇ ಒಂದು ಶನಿವಾರ ಕರೆದುಕೊಂಡು ಹೋದೆ. ಅವನು ಚಪ್ಪಲಿ ಬಿಟ್ಟದ್ದಲ್ಲದೆ ನಲ್ಲಿಯಲ್ಲಿ ಕಾಲೂ ತೊಳೆದು ಬಂದ. ತೆರೆಯ ಮೇಲಿನ ಬಂದೂಕಿನ ಕೈಯನ್ನು ಬಹಳ ಹೊತ್ತು ನೋಡಿ, "ಇವನ ಬೆರಳು ಎಣಿಸಿದೆ. ಎಲ್ಲಾ ಅದಾವ" ಎಂದ.

ಆಟದಲ್ಲಿ ನಡೆಯುವುದು, ತಿರುಗುವುದು ಎಲ್ಲ ಬಲಗೈಯ ಕೆಳಗಿನ ನಾಲ್ಕು ಬಾಣದ ಕೀಗಳಿಂದ. ನಡುವೆ ಇರುವ ಎರಡು ಬಾಣಗಳನ್ನು ಒತ್ತಬೇಕಾದ ಬೆರಳುಗಳೇ ಅವನಿಗಿಲ್ಲ. ಮುಂದೆ ಹೋಗಲು ಕೈ ಎತ್ತಿ ಇಡಬೇಕು, ಅಷ್ಟರಲ್ಲಿ ಸಾವಂತ್ ಬಂದು ಹೊಡೆದಿರುತ್ತಿದ್ದ. ಐದಾರು ಸಲ ಸತ್ತ ಮೇಲೆ ಅಣ್ಣ, "ನನ್ನ ಕೈಗೆ ಇದು ಆಗಂಗಿಲ್ಲ ಬಿಡು" ಎಂದು ಎದ್ದ. ಕೈ ಮತ್ತೆ ಕಂಕುಳಿಗೆ ಹೋಯಿತು.

ಆಟದ ಜೊತೆ ಒಂದು ಸಣ್ಣ ಫೈಲು ಇರುತ್ತಿತ್ತು. ಯಾವ ಕೀ ಒತ್ತಿದರೆ ಏನಾಗಬೇಕು ಎಂಬ ಪಟ್ಟಿ ಅದರಲ್ಲಿ. ಅದನ್ನು ತಿದ್ದಬಹುದು ಎಂದು ಸಾವಂತ್ ಆಗಲೇ ಕಂಡುಕೊಂಡಿದ್ದ. ಗುಂಡು ಹಾರಿಸುವುದನ್ನು ಅವನು ಎಂಟರ್ ಕೀಗೆ ಹಾಕಿಕೊಂಡಿದ್ದ, ಏಕೆಂದರೆ ಸಿಟ್ಟು ಬಂದಾಗ ಗುದ್ದಲು ದೊಡ್ಡ ಕೀ ಬೇಕಾಗಿತ್ತು. ನಾನು ಆ ವಾರ ಪೂರ್ತಿ ಊಟದ ಬಿಡುವಿನಲ್ಲಿ ಬಲಗೈಯ ಎರಡು ಬೆರಳು ಮಡಚಿಕೊಂಡು ಆಡಿ ನೋಡಿದೆ. ಎಡಕ್ಕೆ, ಬಲಕ್ಕೆ ತಿರುಗುವುದನ್ನು ಬಲಗೈಯ ತೋರುಬೆರಳಿಗೂ ಕಿರುಬೆರಳಿಗೂ ಬಿಟ್ಟೆ. ಮುಂದೆ ಹೋಗುವುದು ಎ, ಹಿಂದೆ ಸರಿಯುವುದು ಝಡ್, ಎರಡೂ ಎಡಗೈಗೆ. ಗುಂಡು ಎಡಗೈ ಹೆಬ್ಬೆರಳ ಕೆಳಗಿನ ಉದ್ದನೆಯ ಸ್ಪೇಸ್ ಕೀಗೆ.

ಆದರೆ ಅವನು ಬಂದು ಕೂತಾಗ, "ತಡಿ ಅಣ್ಣಾ, ನಿನ್ನ ಸಲುವಾಗಿ ಬದಲು ಮಾಡ್ತೀನಿ" ಎಂದು ಫೈಲು ತೆರೆದರೆ ಅದೇ ಬೈಕುಲ್ಲಾದ ಊಟವಾಗುತ್ತಿತ್ತು. ಹಾಗಾಗಿ ಏಳು ಸಾಲಿನ ಒಂದು ಪುಟ್ಟ ಪ್ರೋಗ್ರಾಮು ಬರೆದೆ. ಆಡುವವನು ತನ್ನ ಹೆಸರು ಹೊಡೆದು ಎಂಟರ್ ಒತ್ತಿದರೆ ಸಾಕು, ಅವನವನ ಕೀಗಳ ಪಟ್ಟಿ ತಾನಾಗಿ ಬಂದು ಕೂರುತ್ತದೆ, ಆಟ ಶುರುವಾಗುತ್ತದೆ. ಮುಗಿಸಿ ಎದ್ದರೆ ಹಳೆಯ ಪಟ್ಟಿ ತಾನಾಗಿ ಮರಳುತ್ತದೆ. ಯಾರೂ ಏನನ್ನೂ ಮುಟ್ಟಬೇಕಾಗಿಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಆಮೇಲೆ ನಾನು ಎಷ್ಟೋ ದೊಡ್ಡ ದೊಡ್ಡ ಪ್ರೋಗ್ರಾಮು ಬರೆದು ಅದರಿಂದಲೇ ಸಂಸಾರ ನಡೆಸಿದೆ. ಆ ಏಳು ಸಾಲಿನಷ್ಟು ಚಂದದ ಕೆಲಸ ನನ್ನಿಂದ ಮತ್ತೆ ಆಗಲಿಲ್ಲ.

ಮುಂದಿನ ಶನಿವಾರ ಅಣ್ಣನಿಗೆ, "ಆಟದ ಹೊಸಾ ಫ್ಲಾಪಿ ಬಂದೈತಿ. ಈಗ ಎ, ಝಡ್ ಒತ್ತಿ ಆಡೂದು. ಮೊದಲ ಹೆಸರು ಬರೀಬೇಕು, ಮಸ್ಟರಿನ್ಯಾಗ ಬರದಂಗ" ಎಂದೆ. ಕಾರ್ಖಾನೆಯ ಮನುಷ್ಯನಿಗೆ ಹಾಜರಿ ಮಸ್ಟರು ಹೊಸದಲ್ಲ. ಅವನು ಒಂದೊಂದೇ ಅಕ್ಷರ ಹುಡುಕಿ ಜಿ, ಯು, ಆರ್, ಯು ಎಂದು ಹೊಡೆದ. ಎರಡು ಮಷೀನುಗಳ ನಡುವೆ ಪ್ಲೈವುಡ್ಡಿನ ಅಡ್ಡಗೋಡೆ ಇತ್ತು. ಆಚೆ ಕೂತ ಸಾವಂತನ ಬೆರಳು ಎಲ್ಲಿವೆ ಎಂಬುದು ಅಣ್ಣನಿಗೆ ಕಾಣುತ್ತಿರಲಿಲ್ಲ. ಸಾವಂತನಿಗೆ ಎಲ್ಲ ಗೊತ್ತಿತ್ತು. ಅವನು ಬಾಯಿಬಡುಕ ಎಂದು ನನಗೆ ಸ್ವಲ್ಪ ಹೆದರಿಕೆಯೇ ಇತ್ತು. ಕೊನೆಗೆ ನೋಡಿದರೆ ಅವನು ಬಾಯಿ ಬಿಡಲೇ ಇಲ್ಲ.

ಮೂರನೆಯ ಶನಿವಾರ ಅಣ್ಣ ಸಾವಂತನನ್ನು ಹೊಡೆದ. ಐದನೆಯ ಶನಿವಾರ ನನ್ನನ್ನು. ಆಮೇಲೆ ನಮ್ಮಿಬ್ಬರಿಗೂ ಕಷ್ಟಕಾಲ ಶುರುವಾಯಿತು. ಸಾವಂತ್ ಎದುರು ಕಂಡದ್ದನ್ನೆಲ್ಲ ಸುಡುತ್ತ ಅರಚುತ್ತ ಓಡುವವನು. ನಾನು ಮೂಲೆ ಹಿಡಿದು ನಿಲ್ಲುವವನು. ಅಣ್ಣ ಇವೆರಡೂ ಅಲ್ಲ. ಅವನು ಒಮ್ಮೆ ಮುಖ ತೋರಿಸಿ, ಆಮೇಲೆ ಹಿಂದೆ ಹಿಂದೆ ಸರಿಯುತ್ತ ಹೋಗುತ್ತಿದ್ದ. ಝಡ್, ಝಡ್, ಝಡ್. ಪೆಡಲ್ ಒತ್ತಿ ಹದಿಮೂರು ವರ್ಷ ಕಳೆದ ಆ ಮನುಷ್ಯನಿಗೆ ಯಾವ ಗಳಿಗೆಯಲ್ಲಿ ಒತ್ತಬೇಕೆಂಬುದು ಮೈಯಲ್ಲೇ ಇತ್ತು. ಅಡ್ಡಗೋಡೆಯ ಈಚೆ ಅವನು ಪಿಸುಗುಡುವುದು ಕೇಳುತ್ತಿತ್ತು. "ಬಾ, ಬಾ ಸಾವಂತ್ಯಾ. ಹೆದರಬ್ಯಾಡ, ಬಾ. ಇನ್ನೊಂದೀಟ ಬಾ." ಆಮೇಲೆ ಒಂದೇ ಗುಂಡು. ಆಚೆಯಿಂದ ಸಾವಂತ್ ಎಂಟರ್ ಕೀ ಗುದ್ದುವ ಸದ್ದು.

"ಗುರುಭಾವೂ, ನೀವು ಮೊದಲ ಮಿಲ್ಟ್ರಿಯಾಗ ಇದ್ರಿ ಕಾಯ್?" ಎಂದು ಸಾವಂತ್ ಕೇಳುತ್ತಿದ್ದ.

"ಇಲ್ಲಪಾ, ತಗಡಿನ ಪ್ರೆಸ್ಸಿನ್ಯಾಗ ಇದ್ದೆ. ಅದೂ ಅಷ್ಟ ಐತಿ" ಎನ್ನುತ್ತಿದ್ದ ಅಣ್ಣ.

ನಿಜ ಹೇಳುವುದಾದರೆ, ನಾನು ಇಂದು ಹಂಬಲಿಸುವುದು ಆಟಕ್ಕಲ್ಲ, ಆಟ ಮುಗಿದ ಮೇಲಿನ ನಡಿಗೆಗೆ. ಎಸ್ಟೇಟಿನ ಗೇಟು ದಾಟಿ, ಟಪರಿಯಲ್ಲಿ ಕಟಿಂಗ್ ಚಹಾ ಕುಡಿದು, ಸ್ಟೇಷನ್ನಿನ ಸೇತುವೆ ಹತ್ತಿ ಆಚೆ ಇಳಿದು ಚಾಳಿಗೆ ಹೋಗುವ ಅರ್ಧ ಗಂಟೆ. ಅಷ್ಟು ಹೊತ್ತೂ ಅಣ್ಣ ಮಾತಾಡುತ್ತಿದ್ದ. ಎಲ್ಲಿ ನಿಂತಿದ್ದೆ, ಸಾವಂತನ ನೆರಳು ಎಲ್ಲಿ ಕಂಡಿತು, ಹೇಗೆ ಅವನನ್ನು ಕರೆದು ತಂದೆ, ಎಲ್ಲ ಬಲಗೈ ಆಡಿಸಿ ಆಡಿಸಿ ಹೇಳುತ್ತಿದ್ದ. ಹೌದು, ಬಲಗೈ. ರಸ್ತೆಯ ಜನರ ನಡುವೆ ಮೂರು ಬೆರಳಿನ ಆ ಕೈಯನ್ನು ಗಾಳಿಯಲ್ಲಿ ಬೀಸಿ ನಗುತ್ತಿದ್ದ. ಮನೆಗೆ ಬಂದ ಮೇಲೂ ವೈನಿಯ ಮುಂದೆ ಮತ್ತೊಂದು ಸಲ ಅದೇ ಯುದ್ಧ. ವೈನಿ ರೊಟ್ಟಿ ಬಡಿಯುತ್ತ, "ಮುಗೀತೇನ್ರಿ ನಿಮ್ಮ ಲಡಾಯಿ? ಕೈ ತೊಳಕೋರಿ" ಎನ್ನುತ್ತಿದ್ದಳು. ಹಾಗೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚೇ ನಡೆಯಿತು. ಆ ಶನಿವಾರಗಳಲ್ಲಿ ಒಂದೇ ಒಂದನ್ನು ಯಾರಾದರೂ ಈಗ ತಿರುಗಿ ಕೊಡುವುದಾದರೆ ನಾನು ಏನು ಬೇಕಾದರೂ ಬಿಟ್ಟುಕೊಡುತ್ತೇನೆ.

ಹಾಳು ಮಾಡಿದವನು ನಾನೇ. ನನಗೊಂದು ಚಟ ಇದೆ. ಮಾಡಿದ ಒಳ್ಳೆಯ ಕೆಲಸವನ್ನು ಯಾರಿಗಾದರೂ ತೋರಿಸದೆ ಇದ್ದರೆ ನನಗೆ ಅನ್ನ ಕರಗುವುದಿಲ್ಲ. ಶಾಲೆಯಲ್ಲಿದ್ದಾಗ ಗಣಿತದ ಉತ್ತರವನ್ನು ಸ್ಲೇಟಿನ ಮೇಲೆ ಬರೆದು, ಮಾಸ್ತರರು ನೋಡಲಿ ಎಂದು ಸ್ಲೇಟನ್ನು ತಲೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಆ ಏಳು ಸಾಲನ್ನು ಒಂದು ವರ್ಷ ಬಚ್ಚಿಟ್ಟುಕೊಂಡದ್ದೇ ನನ್ನ ಜನ್ಮದ ದೊಡ್ಡ ತಪಸ್ಸು.

ಆಯುಧಪೂಜೆಯ ಖಂಡೇನವಮಿ ಬಂತು. ಅಣ್ಣನಿಗೆ ಅದು ಎಲ್ಲ ಹಬ್ಬಗಳಿಗಿಂತ ದೊಡ್ಡದು. ಪ್ಯಾಕಿಂಗಿಗೆ ಹಾಕಿದ ಮೇಲೂ ಪ್ರತಿ ವರ್ಷ ಬೆಳಿಗ್ಗೆ ಕಾರ್ಖಾನೆಗೆ ಹೋಗಿ, ತನ್ನ ಬೆರಳು ತಿಂದ ಅದೇ ಪ್ರೆಸ್ಸನ್ನು ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಬರುತ್ತಿದ್ದ. ಹೇಗೆ ಮನಸ್ಸು ಬರುತ್ತದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅದರದೇನ ತಪ್ಪೈತಿ? ಅದು ಒತ್ತಿದಾಗ ಬರ್ತೈತಿ. ಒತ್ತಿದಾಂವ ನಾನು" ಎಂದಿದ್ದ. ಅವನಿಗೆ ಒಂದೇ ನಿಯಮ. ಪೂಜೆಯಾದ ಹತ್ಯಾರವನ್ನು ಅಂದು ಯಾರೂ ಮುಟ್ಟಬಾರದು, ನಡೆಸಬಾರದು. ಅದಕ್ಕೂ ವರ್ಷಕ್ಕೊಂದು ದಿನ ಸೂಟಿ ಬೇಕು.

ಆ ವರ್ಷ ನಮ್ಮ ಸೇಠರೂ ಮಷೀನುಗಳಿಗೆ ಪೂಜೆ ಇಟ್ಟುಕೊಂಡರು. ಅಣ್ಣನೇ ಬಂದು ಎಲ್ಲ ವ್ಯವಸ್ಥೆ ಮಾಡಿದ. ಕುಂಕುಮ ಕೀಗಳ ಸಂದಿಗೆ ಬೀಳದಂತೆ ಅಂಚಿನಲ್ಲಿ ಮಾತ್ರ ಹಚ್ಚಿದ. ಅಕ್ಕಪಕ್ಕದ ಗಾಳಾಗಳ ಮಾಲೀಕರು, ಒಂದಿಬ್ಬರು ಗಿರಾಕಿಗಳು, ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ತುಂಬಿಕೊಂಡರು. ಆರತಿ ಮುಗಿಯಿತು. ಪ್ರಸಾದದ ತಟ್ಟೆ ತರಲು ಅಣ್ಣ ಹೊರಗೆ ಹೋದ. ಅಷ್ಟರಲ್ಲಿ ಸೇಠರು ಗಿರಾಕಿಗಳ ಮುಂದೆ, "ಹೇಮಂತ್, ಕುಛ್ ದಿಖಾವೋ ನಾ ಇನ್ ಲೋಗೋಂಕೋ" ಎಂದು ನನಗೆ ಏನಾದರೂ ತೋರಿಸಲು ಹೇಳಿದರು.

ಪೂಜೆಯಾದ ಮಷೀನು ಎಂಬುದು ನನ್ನ ನೆನಪಿನಲ್ಲಿತ್ತು. ಸಾವಂತ್ ಅಡ್ಡಗೋಡೆಯ ಬಳಿ ನಿಂತು ಕಣ್ಣಲ್ಲೇ ಬೇಡ ಎನ್ನುತ್ತಿದ್ದ. ಆದರೆ ಹತ್ತು ಜನ ನನ್ನ ಕಡೆ ನೋಡುತ್ತಿದ್ದರು, ಸ್ಲೇಟು ತಾನಾಗಿ ತಲೆಯ ಮೇಲೆ ಏರಿತು. ಮಷೀನು ಶುರು ಮಾಡಿದೆ. ಸಾವಂತನ ಹೆಸರು ಹೊಡೆದು ತೋರಿಸಿದೆ. ನೋಡಿ, ಈಗ ಎಂಟರ್ ಒತ್ತಿದರೆ ಗುಂಡು. ಆಮೇಲೆ ಗುರು ಎಂದು ಹೊಡೆದೆ. ನೋಡಿ, ಎಲ್ಲ ಕೀ ತಾನಾಗಿ ಬದಲಾದವು. ಇದು ನನ್ನ ಅಣ್ಣನಿಗೆ, ಅವನಿಗೆ ಬಲಗೈಯಲ್ಲಿ ಎರಡು ಬೆರಳಿಲ್ಲ, ಅವನಿಗೇ ಗೊತ್ತಾಗದ ಹಾಗೆ ಮಾಡಿದ್ದೇನೆ, ಎಂದು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ.

ಗಿರಾಕಿಯೊಬ್ಬರು ಚಪ್ಪಾಳೆ ತಟ್ಟಿದರು. "ಕ್ಯಾ ಬಾತ್ ಹೈ. ಅಪಂಗ್ ಆದ್ಮೀ ಭೀ ಖೇಲ್ ಸಕ್ತಾ ಹೈ" ಎಂದು, ಅಂಗವಿಕಲನೂ ಆಡಬಲ್ಲ ಎಂಬ ಖುಷಿಯಲ್ಲಿ ಹೇಳಿದರು. ಜನ ಬಾಗಿಲ ಕಡೆ ತಿರುಗಿದ್ದನ್ನು ನೋಡಿ ನಾನೂ ತಿರುಗಿದೆ. ಅಣ್ಣ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದ.

ಅವನು ಒಳಗೆ ಬಂದು ಒಬ್ಬೊಬ್ಬರಿಗೂ ಕೊಬ್ಬರಿ ಸಕ್ಕರೆ ಕೊಟ್ಟ. ಚಪ್ಪಾಳೆ ತಟ್ಟಿದವರಿಗೂ ಕೊಟ್ಟ, ನನಗೂ ಕೊಟ್ಟ. ಆಮೇಲೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ನನಗಾಗಿ ಕಾಯುತ್ತ ನಿಂತ.

ಅಂದು ಟಪರಿಯಲ್ಲಿ ನಿಲ್ಲಲಿಲ್ಲ. ಸೇತುವೆಯ ಮೇಲೆ ನಡುವೆ ಬಂದಾಗ ಅವನು ನಿಂತು ಕಂಬಿಗೆ ಕೈಯಿಟ್ಟ. "ಅಲ್ಲೂ ನನಗ ಚಮಚಾ ಇಟ್ಟಿದ್ದ್ಯೇನು ಹೇಮ್ಯಾ?" ಎಂದ. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ.

ಮತ್ತೆ ಕೇಳಿದ. "ಖರೇ ಹೇಳು. ನಾ ಗೆದ್ದದ್ದೆಲ್ಲಾ ನಾನಽ ಗೆದ್ದದ್ದೇನು? ಇಲ್ಲಾ ನೀವಿಬ್ಬರೂ ಬಿಟ್ಟುಕೊಟ್ರೇನು?"

ಕೆಳಗೆ ಫಾಸ್ಟ್ ಲೋಕಲ್ ಹೋಗುತ್ತಿತ್ತು. ಆ ಸದ್ದಿನಲ್ಲಿ ಉತ್ತರ ಹೇಳಲಾಗದು ಎಂದು ನನಗೆ ನಾನೇ ಹೇಳಿಕೊಂಡೆ. ಲೋಕಲ್ ಹೋಯಿತು, ಸದ್ದು ನಿಂತಿತು, ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಬಿಟ್ಟುಕೊಡುವುದು ಸಾವಂತನ ಜಾತಕದಲ್ಲೇ ಇಲ್ಲ. ನಾನೂ ಒಡಹುಟ್ಟಿದವನು ಎಂಬ ದಯೆ ತೋರದೆ ಆಡಿದವನೇ. ಒಂದು ಸಲ ಮಾತ್ರ, ಅದೂ ಖಂಡೇನವಮಿಯ ಹಿಂದಿನ ಶನಿವಾರ. ಆ ವಾರ ಅಣ್ಣನನ್ನು ಪ್ಯಾಕಿಂಗಿನಿಂದಲೂ ತೆಗೆದು ಗೇಟಿನ ಬಳಿ ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಅವನ ಮುಖ ನೋಡಲಾಗದೆ ನಾನು ಆಟದೊಳಗೆ ಒಂದು ಓಣಿಯ ಕೊನೆಗೆ ಹೋಗಿ, ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತೆ. ಅವನು ಬಂದು ಹೊಡೆದ. ಆ ಒಂದು ಆಟ ಅಡ್ಡ ನಿಂತು, ಎಲ್ಲವೂ ನಿನ್ನದೇ ಎನ್ನುವ ಮಾತು ಹೊರಗೆ ಬರಲಿಲ್ಲ. ಒಂದು ಬಿಟ್ಟು ಉಳಿದದ್ದೆಲ್ಲ ನಿನ್ನದೇ ಎಂದಾದರೂ ಹೇಳಬಹುದಿತ್ತು. ಅಷ್ಟು ಬುದ್ಧಿ ಆ ಹೊತ್ತಿಗೆ ಓಡಲಿಲ್ಲ.

"ಆತು" ಎಂದು ಅಣ್ಣ ಮೆಟ್ಟಿಲು ಇಳಿದ.

ಮುಂದಿನ ಶನಿವಾರ ಅವನಿಗೆ ರೇಶನ್ ತರುವುದಿತ್ತು. ಅದರ ಮುಂದಿನ ಶನಿವಾರ ವೈನಿಯ ತವರಿನಿಂದ ಯಾರೋ ಬರುವವರಿದ್ದರು. ಮೂರನೆಯ ಶನಿವಾರ ನಾನು ಕೇಳಲಿಲ್ಲ. ಸಾವಂತ್ ತಡೆಯಲಾರದೆ ಒಂದು ದಿನ ಚಾಳಿಗೇ ಬಂದ. ಅವನು ಅಷ್ಟರಲ್ಲಿ ಅಣ್ಣನ ಕೀಗಳನ್ನು ಹಾಕಿಕೊಂಡು ನನ್ನೊಡನೆ ಆಡಿ ನೋಡಿದ್ದ, ಮೊದಲಿಗಿಂತ ಹೀನಾಯವಾಗಿ ಸೋತಿದ್ದ. "ಗುರುಭಾವೂ, ಕೀದಾಗ ಏನೂ ನಾಹಿ. ಎಲ್ಲಾ ನಿಮ್ಮ ಡೋಕಿಯಾಗ ಇತ್ತು" ಎಂದು ತಲೆ ಮುಟ್ಟಿ ತೋರಿಸಿದ. "ಮತ್ತ ನನಗೂ ಬ್ಯಾರೇನ ಕೀ ಇದ್ವಲ್ಲಾ? ನನ್ನ ಹೆಸರ ಹೊಡದ್ರೂ ಬದಲಾಗತಿತ್ತಲ್ಲಾ?"

"ನಿನಗ ಅದು ಗೊತ್ತಿತ್ತು ಸಾವಂತ್. ನನಗ ಗೊತ್ತಿರಲಿಲ್ಲ" ಎಂದ ಅಣ್ಣ. ಆಮೇಲೆ ಅವನಿಗೆ ಚಹಾ ಕೊಡಲು ವೈನಿಗೆ ಹೇಳಿ, ನಿಪ್ಪಾಣಿಯ ಮಳೆಬೆಳೆ ವಿಚಾರಿಸಿದ.

ನನಗೆ ಆಗ ಸಿಟ್ಟೂ ಬಂದಿತ್ತು. ಕಷ್ಟಪಟ್ಟು ಮಾಡಿದ್ದು ಅವನಿಗಾಗಿ ತಾನೇ? ಆದರೆ ಇದೇ ಅಣ್ಣ ಚಿಕ್ಕಂದಿನಲ್ಲಿ ನನಗೆ ಏನು ಮಾಡಿದ್ದ ಎಂಬುದು ನೆನಪಾದಾಗ ಸಿಟ್ಟು ಇಳಿಯಿತು. ವಿಜಾಪುರದಲ್ಲಿ ನಮ್ಮ ಓಣಿಯ ಗೋಲಿಗುಂಡದ ರಾಜ ಅವನು. ನಡುಬೆರಳನ್ನು ಹಿಂದಕ್ಕೆ ಎಳೆದು ಬಿಟ್ಟರೆ ಹತ್ತು ಹೆಜ್ಜೆ ದೂರದ ಗೋಲಿ ಸಿಡಿದು ಹೋಗುತ್ತಿತ್ತು. ನಾನು ಆರು ವರ್ಷದವನು. ಒಂದು ಬೇಸಿಗೆ ಅವನಿಂದ ಚಡ್ಡಿಯ ಜೇಬು ಹರಿಯುವಷ್ಟು ಗೋಲಿ ಗೆದ್ದೆ. ಓಣಿಯ ಹುಡುಗಿಯೊಬ್ಬಳು, ನಿಮ್ಮಣ್ಣ ಬೇಕಂತಲೇ ತಪ್ಪಿಸುತ್ತಾನೆ ಎಂದು ಹೇಳಿದ ದಿನ ನಾನು ಅಷ್ಟೂ ಗೋಲಿಯನ್ನು ಬಾವಿಗೆ ಸುರಿದು ಬಂದು ಎರಡು ದಿನ ಅವನೊಡನೆ ಮಾತು ಬಿಟ್ಟಿದ್ದೆ. ಎರಡೇ ದಿನ. ಆರು ವರ್ಷದವನಿಗೆ ಎರಡು ದಿನಕ್ಕೆ ಮರೆತುಹೋಗುತ್ತದೆ.

ಅಣ್ಣ ನನ್ನೊಡನೆ ಮಾತು ಬಿಡಲಿಲ್ಲ. ಅದೇ ಕಷ್ಟವಾದದ್ದು. ಊಟ ಮಾಡಿದೆಯಾ, ಆಫೀಸಿನಲ್ಲಿ ತಡವಾಯಿತೇ, ಅವ್ವನ ಕಾಗದ ಬಂತೇ, ಎಲ್ಲ ಮೊದಲಿನಂತೆಯೇ ಕೇಳುತ್ತಿದ್ದ. ಬಲಗೈ ಬೀಸಿ ನಗುತ್ತ ಮಾತಾಡುವುದು ಮಾತ್ರ ಮತ್ತೆ ಬರಲಿಲ್ಲ. ಒಂದೆರಡು ವರ್ಷಕ್ಕೆ ಸೇಠರು ಆಫೀಸನ್ನು ಬಾಂದ್ರಾಕ್ಕೆ ಒಯ್ದರು. ಹಳೆಯ ಮಷೀನು ಮಾರುವಾಗ ಕೀಬೋರ್ಡನ್ನು ನಾನು ಕೇಳಿ ಇಟ್ಟುಕೊಂಡೆ. ನನಗೆ ಮದುವೆಯಾಯಿತು, ಬೇರೆ ಮನೆಯಾಯಿತು. ಅದೂ ಕಾಂದಿವಲಿಯಲ್ಲೇ, ಅಣ್ಣನ ಮನೆಗೆ ಎರಡು ಸ್ಟಾಪಿನ ದೂರ.

ಪೋಟಮಾಳಾದಿಂದ ಇಳಿದ ದಿನವೇ ಸಂಜೆ ನಾನು ಅವನ ಮನೆಗೆ ಹೋದೆ. ಅವನು ಬಾಲ್ಕನಿಯಲ್ಲಿ ಕೂತು ವೈನಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದ. ಮೂರು ಬೆರಳಿನಲ್ಲಿ ಅವನು ಸುಲಿಯುವಷ್ಟು ಬೇಗ ನನಗೆ ಐದರಲ್ಲಿ ಆಗುವುದಿಲ್ಲ. ಕೂದಲೆಲ್ಲ ಬೆಳ್ಳಗಾಗಿದೆ ಅವನದು, ನನ್ನದು ಉಳಿದೇ ಇಲ್ಲ. ಚಹಾ ಬರುವ ಮೊದಲೇ ಹೇಳಿಬಿಡಬೇಕೆಂದು, "ಅಣ್ಣಾ, ಅವತ್ತ ಸೇತುವಿ ಮ್ಯಾಲ ನೀ ಕೇಳಿದ್ದಿ ನೋಡು, ಅದಕ್ಕ ಉತ್ತರ ಕೊಡಬೇಕಾಗೈತಿ" ಎಂದೆ.

ಯಾವ ಸೇತುವೆ, ಯಾವಾಗ ಎಂದು ಅವನು ಕೇಳಲಿಲ್ಲ. ಬೆಳ್ಳುಳ್ಳಿ ಕೆಳಗಿಟ್ಟ.

"ಒಂದ ಆಟ ಬಿಟ್ಟುಕೊಟ್ಟಿದ್ದೆ. ನಿನ್ನ ಗೇಟಿನಾಗ ಕೂಡಿಸಿದ ವಾರ. ಉಳಿದದ್ದೆಲ್ಲಾ ನೀನಽ ಗೆದ್ದದ್ದು. ಅವ್ವನ ಆಣಿ."

ಅಣ್ಣ ತಲೆಯಾಡಿಸಿದ. "ಅದು ನನಗ ಅವತ್ತಽ ಗೊತ್ತಾಗಿತ್ತು. ಗ್ವಾಡಿಗೆ ಮಾರಿ ಮಾಡಿ ನಿಂತಿದ್ದಿ" ಎಂದ. ಆಮೇಲೆ, "ಒಂದಲ್ಲಪಾ, ಎರಡು" ಎಂದ.

"ಎರಡಲ್ಲಣ್ಣಾ, ಒಂದಽ."

"ಗಣಪತಿ ಹಬ್ಬದ ಮುಂಚಿನ ಶನಿವಾರ ನೆನಪ ಮಾಡ್ಕೋ. ನೀ ಲಿಫ್ಟಿನ ಮುಂದ ನಿಂತಿದ್ದಿ. ನಾ ಹಿಂದಿನಿಂದ ಬಂದೆ. ನೀ ಹೊಳ್ಳಿ ಸೈತ ನೋಡಲಿಲ್ಲ. ಆಮ್ಯಾಲೆ ಹೊಟ್ಟಿ ನೋಯ್ತೈತಿ ಅಂತ ಚಹಾನೂ ಕುಡೀದ ಎದ್ದ ಹೋದಿ. ನನಗೇನ ತಿಳ್ಯಾಂಗಿಲ್ಲೇನು?"

ನನಗೆ ಆ ಶನಿವಾರ ಚೆನ್ನಾಗಿ ನೆನಪಿದೆ. ಅಣ್ಣ ಅಂದು ಆಡಿದಂತೆ ನಮ್ಮಲ್ಲಿ ಯಾರೂ ಎಂದೂ ಆಡಿರಲಿಲ್ಲ. ಅವನ ಹಿಂದೆ ನಿಂತು ನೋಡಿದ್ದ ಸಾವಂತ್ ಆಮೇಲೆ ಹೇಳಿದಂತೆ, ಓಣಿಯ ಉದ್ದಕ್ಕೂ ಬೆನ್ನು ಮುಂದಾಗಿ, ಒಂದು ಗುಂಡೂ ಹಾರಿಸದೆ, ಸದ್ದಿಲ್ಲದೆ ಹಿಂದೆ ಹಿಂದೆ ನಡೆದು ನನ್ನ ಬೆನ್ನ ಹಿಂದಕ್ಕೆ ಬಂದು ತಿರುಗಿದ್ದ. ಎದುರಿನಿಂದ ಬರುತ್ತಾನೆ ಎಂದು ನಾನು ಕಣ್ಣು ಮಿಟುಕಿಸದೆ ಕಾಯುತ್ತಿದ್ದೆ. ಸೋತ ಸಿಟ್ಟಿಗೆ ಅವನ ಮುಖ ನೋಡಲಾಗದೆ ಹೊಟ್ಟೆನೋವಿನ ಸುಳ್ಳು ಹೇಳಿ ಎದ್ದು ಹೋಗಿದ್ದೆ. ಇದನ್ನೆಲ್ಲ ಅವನಿಗೆ ಹೇಳಿದೆ. ಎರಡು ಸಲ ಹೇಳಿದೆ. ಧ್ವನಿ ಏರಿತೋ ಏನೋ, ವೈನಿ ಒಳಗಿನಿಂದ ಇಣುಕಿ ನೋಡಿದಳು.

"ಇರ್ಲಿ ಬಿಡೋ ತಮ್ಮಾ" ಎಂದು ಅಣ್ಣ ನನ್ನ ಮೊಣಕಾಲು ತಟ್ಟಿದ. "ನೀ ಅಂತಿ ಅಂದ್ರ ನಂಬಬೇಕಲ್ಲಾ." ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡ.

ಅವನು ನಂಬಲಿಲ್ಲ. ಇಷ್ಟು ವರ್ಷ ಪ್ರತಿಯೊಂದು ಆಟವನ್ನೂ ಮನಸ್ಸಿನಲ್ಲಿ ತಿರುಗಿಸಿ ನೋಡಿ, ತನ್ನ ಎಲ್ಲಕ್ಕಿಂತ ದೊಡ್ಡ ಗೆಲುವನ್ನೇ ನನ್ನ ಉಪಕಾರ ಎಂದು ಬೇರೆ ಇಟ್ಟುಬಿಟ್ಟಿದ್ದಾನೆ. ಅಂದು ನಾನು ತಿರುಗಿ ನೋಡಲಿಲ್ಲ, ಏಕೆಂದರೆ ಅವನು ಬಂದದ್ದೇ ನನಗೆ ತಿಳಿಯಲಿಲ್ಲ. ಹತ್ತು ಬೆರಳೂ ಇಟ್ಟುಕೊಂಡು, ಮನಸಾರೆ ಆಡಿ, ಅವನಿಗೆ ಸೋತೆ. ಅದೊಂದನ್ನು ಅವನು ನಂಬಬೇಕಾಗಿದೆ.